ಮಾಳಪ್ಪ ಕೂಡಿಸಿದ ಕ್ಲಚ್ಚು

ಈ ಶ್ರಾವಣದಲ್ಲಿ ಕಾಲೇಜಿನ ಕೆಲಸದ ಮೇಲೆ ಔರಾದಿಗೆ ಹೊರಟಿದ್ದೆ. ಊರು ಇನ್ನೂ ಐದಾರು ಕಿಲೋಮೀಟರ್ ಇದೆ ಎನ್ನುವಾಗ, ಗೊಬ್ಬರದ ಚೀಲ ಹೇರಿಕೊಂಡ ಒಂದು ಟೆಂಪೊ ಏರಿನಲ್ಲಿ ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತ್ತು. ಏನಾಯಿತೆಂದು ನೋಡಲು ಕಾರಿನ ಗಾಜು ಇಳಿಸಿದೆ. ಸುಟ್ಟ ಕ್ಲಚ್ ಪ್ಲೇಟಿನ ವಾಸನೆ ಒಳಗೆ ನುಗ್ಗಿತು. ಅದೊಂದು ಕೆಟ್ಟ ವಾಸನೆ, ಗಂಟಲಿಗೆ ಹತ್ತಿದರೆ ಚಹಾ ಕುಡಿದರೂ ಹೋಗುವುದಿಲ್ಲ. ಬೀದರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ವಿಷಯ ಕಲಿಸಿಕೊಂಡು ತಲೆ ನರೆತವನು ನಾನು. ಬೇರೆಯವರಿಗೆ ಅದು ಬರೀ ವಾಸನೆ, ನನಗೆ ಅದರ ಕಾರಣವೂ ಗೊತ್ತು.

ಇಳಿದು ಹೋಗಿ ಡ್ರೈವರನನ್ನು ಕೇಳಿದೆ, "ಔರಾದದಾಗ ಮಿಸ್ತ್ರಿ ಯಾರೂ ಇಲ್ಲೇನಪಾ?"

"ಅದಾನಲ್ರಿ, ಮಾಳಪ್ಪ ಉಸ್ತಾದ. ಎಂಜಿನ್ ಬಿಚ್ಚಂದ್ರ ಬಿಚ್ತಾನ, ಗೇರ್ ಬಾಕ್ಸ್ ಮಾಡಂದ್ರ ಮಾಡ್ತಾನ. ಖರೆ ಕ್ಲಚ್ಚಿಗಿ ಮಾತ್ರ ಕೈ ಹಚ್ಚಂಗಿಲ್ಲ ಅಂತಾನ್ರಿ. ಯಾಕಂತ ಯಾರಿಗೂ ಗೊತ್ತಿಲ್ಲ. ಈಗ ಇದನ್ನ ಭಾಲ್ಕಿತನಾ ಎಳಕೊಂಡ್ ಹೋಗ್ಬೇಕು ನೋಡ್ರಿ."

ಯಾಕೆಂದು ನನಗೆ ಗೊತ್ತಿತ್ತು. ಆ ಮನುಷ್ಯನ ಕೈಯಿಂದ ಕ್ಲಚ್ಚು ಬಿಡಿಸಿದವನು ನಾನೇ. ಅವನು ಬೀದರ ಬಿಟ್ಟು ಹೋದದ್ದು ಗೊತ್ತಿತ್ತು, ಕ್ಲಚ್ಚಿನ ಕೆಲಸವನ್ನೇ ಬಿಟ್ಟಿದ್ದಾನೆ ಎಂಬುದು ಮಾತ್ರ ಆ ಏರಿನ ಮೇಲೆ ನಿಂತಾಗ ತಿಳಿಯಿತು. ಟೆಂಪೊ ಸರಿಯಲು ಅರ್ಧ ತಾಸು ಹಿಡಿಯಿತು. ಆ ಅರ್ಧ ತಾಸಿನಲ್ಲಿ ಆರು ವರ್ಷದ ಹಿಂದಿನ ಮಳೆಗಾಲವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನೋಡಿದೆ.

ಆಗ ನನ್ನ ಹತ್ತಿರ ಒಂದು ಬಿಳಿ ಕಾರಿತ್ತು. ಹೈದರಾಬಾದಿನಿಂದ ತಂದ ಸೆಕೆಂಡ್ ಹ್ಯಾಂಡ್ ಕಾರು. ಟರ್ಬೊ ಎಂಜಿನ್, ಆರು ಗೇರು. ನೆಲಕ್ಕೆ ಎಷ್ಟು ತಗ್ಗೆಂದರೆ ನಮ್ಮ ಓಣಿಯ ಸ್ಪೀಡ್ ಬ್ರೇಕರನ್ನು ಓರೆಯಾಗಿ ಹತ್ತಿಸಬೇಕಿತ್ತು. ನನ್ನ ಹೆಂಡತಿ ಅದಕ್ಕೆ "ನಿಮ್ಮ ಎರಡನೇ ಸಂಬಂಧ" ಎನ್ನುತ್ತಿದ್ದಳು. ಭಾನುವಾರ ಬೆಳಿಗ್ಗೆ ನಾನು ಅದನ್ನು ಒರೆಸುವುದನ್ನು ನೋಡಿದ ಯಾರಿಗೂ ಆ ಮಾತು ಅತಿಯೆನಿಸುತ್ತಿರಲಿಲ್ಲ. ಇದ್ದ ಬಲ ಸಾಲದೆಂದು ಎಂಜಿನ್ನಿನ ಕಂಪ್ಯೂಟರಿಗೆ ಟ್ಯೂನಿಂಗ್ ಬೇರೆ ಮಾಡಿಸಿದೆ. ಎಂಜಿನ್ನಿನ ಬಲವನ್ನು ಗಾಲಿಗಳ ಕಡೆ ದಾಟಿಸುವ ಮೂಲ ಕ್ಲಚ್ಚು ಆ ಹೆಚ್ಚಿನ ಬಲವನ್ನು ಹೊರಲಿಲ್ಲ. ನಾಲ್ಕನೇ ಗೇರಿನಲ್ಲಿ ಒತ್ತಿದರೆ ಎಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಮುಂದೆ ಸರಿಯುತ್ತಿರಲಿಲ್ಲ. ಹಾಗಾಗಿ ರೇಸಿನವರು ಹಾಕಿಸುವಂಥ ಗಟ್ಟಿ ಕ್ಲಚ್ಚನ್ನು ಪುಣೆಯಿಂದ ತರಿಸಿದೆ. ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಬಿರುಸಿನದು, ಕ್ಲಚ್ ಪ್ಲೇಟಿನ ಮುಖ ಕೆವ್ಲಾರ್ ಎಂಬ ಗಟ್ಟಿ ಹಳದಿ ನೂಲಿನದು.

ಅದೇ ಹೊತ್ತಿಗೆ ನನ್ನ ತಾಯಿಯ ತಮ್ಮ ದಿನಕರ ಮಾಮಾ ಭಾಲ್ಕಿಯಲ್ಲಿ ಒಂದು ದೊಡ್ಡ ಗ್ಯಾರೇಜು ಕಟ್ಟಿಸುತ್ತಿದ್ದರು. ಕಾರು ಎತ್ತುವ ಲಿಫ್ಟು, ಸಿಮೆಂಟಿನ ನೆಲ, ಹಿಂದೆ ಹೆಡ್ ಮಿಸ್ತ್ರಿಗೆ ಇರಲು ಎರಡು ಕೋಣೆಯ ಮನೆ. ಮಿಸ್ತ್ರಿ ಮಾತ್ರ ಸಿಕ್ಕಿರಲಿಲ್ಲ. ನಾನು ಮಾಳಪ್ಪನ ಹೆಸರು ಹೇಳಿದೆ. ಬೀದರಿನಿಂದ ಮನ್ನಳ್ಳಿಗೆ ಹೋಗುವ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಅವನದೊಂದು ತಗಡಿನ ಶೆಡ್ಡಿತ್ತು. ಗಂಡ ಹೆಂಡತಿ ಇಬ್ಬರೂ ಅದರ ಹಿಂಭಾಗದಲ್ಲೇ ಇರುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟವನು, ಎಕಂಬಾದ ಕುರಿ ಸಾಕುವ ಮನೆತನದವನು. ಅವನಷ್ಟು ಚೊಕ್ಕಟ ಕೈಯ ಮಿಸ್ತ್ರಿಯನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮಾಮಾ ಲೆಕ್ಕಾಚಾರದ ಮನುಷ್ಯ. "ನೋಡು ಸುಧೀರ, ನೀ ಇದನ್ನೇ ಕಲಸಾಂವ ಇದ್ದಿ. ನಿನ್ನ ಕಾರ್ ಅವನ ಕೈಯಾಗ ಕೊಡು. ಕೆಲಸ ಬರೋಬರಿ ಆತಂದ್ರ ದಸರಾಕ್ಕ ಅವನೇ ನನ್ನ ಹೆಡ್ ಮಿಸ್ತ್ರಿ. ನಿನ್ನ ಮಾತೇ ಆಖರಿ," ಎಂದರು. ಇದನ್ನು ಮಾಳಪ್ಪನಿಗೂ ಹೇಳಿದೆ. ಅವನು ಬೋಲ್ಟು ಬಿಚ್ಚುವ ಪಾನಾ ಒರೆಸುತ್ತ ಕೂತ. ಆಮೇಲೆ, "ಈ ತಗಡಿನ್ಯಾಗ ಮಳಿಗಾಲ ಕಳಿಯೋದು ಆಕಿಗಿ ಭಾಳ ತ್ರಾಸ್ ಆಗ್ತದ್ರಿ ಸರ್ರ," ಎಂದಷ್ಟೇ ಹೇಳಿದ. ಒಳಗೆ ಅವನ ಹೆಂಡತಿ ರುಕ್ಮಾಬಾಯಿ ಸೋರುವ ಕಡೆ ಬೋಗುಣಿ ಇಡುತ್ತಿದ್ದಳು.

ಕ್ಲಚ್ಚು ಕೂಡಿಸಲು ಎರಡು ದಿನ ಹಿಡಿಯಿತು. ಮಳೆ ನಡುನಡುವೆ ಬಿಡುವು ಕೊಡುತ್ತಿತ್ತು. ಮಾಳಪ್ಪ ಅಣ್ಣನ ಕುರಿಗಳ ಉಣ್ಣೆಯ ಕರಿ ಕಂಬಳಿ ಹಾಸಿಕೊಂಡು ಕಾರಿನ ಕೆಳಗೆ ಮಲಗುತ್ತಿದ್ದ. ಗೇರ್ ಬಾಕ್ಸನ್ನು ನಾವಿಬ್ಬರೇ ಇಳಿಸಿದೆವು. ನಾನು ಜಾಕು ಹಿಡಿದಿದ್ದೆ, ಅವನು ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು "ಜರಾ ಜರಾ ಬಿಡ್ರಿ, ಅವಸರ ಮಾಡಬ್ಯಾಡ್ರಿ" ಎನ್ನುತ್ತಿದ್ದ. ಕ್ಲಚ್ ಪ್ಲೇಟು ಒತ್ತಿ ಕೂರುವ ಫ್ಲೈವೀಲನ್ನು ಲೇತಿನ ಅಂಗಡಿಗೆ ಒಯ್ದು ಮುಖ ಸಾಪು ಮಾಡಿಸಿಕೊಂಡು ಬಂದೆವು. ಬೋಲ್ಟು ಬಿಗಿ ಮಾಡಲು ಬಿಗಿ ಎಷ್ಟೆಂದು ಮುಳ್ಳಿನಲ್ಲಿ ತೋರಿಸುವ ಟಾರ್ಕ್ ರೆಂಚನ್ನು ಕಾಲೇಜಿನ ಲ್ಯಾಬಿನಿಂದ ತಂದಿದ್ದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೊದಲು ಒಂದು ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿದ. ಆಮೇಲೆ ರೆಂಚಿನಿಂದ ಅಳೆದರೆ ಮುಳ್ಳು ಹೆಚ್ಚುಕಡಿಮೆ ಬೇಕಾದ ಅಳತೆಗೇ ಬಂದು ನಿಂತಿತು. ನಾನು ಬಾಯಿಬಿಟ್ಟು ನೋಡಿದೆ. ಅವನು ಹುಡುಗನ ಹಾಗೆ ನಕ್ಕ.

ಹೊಸ ಪ್ಲೇಟಿನ ಪಾಕೀಟು ಒಡೆಯುವ ಮುಂಚೆ ಅವನು ಎದ್ದು ಹೋಗಿ ಒಲೆಯ ಬೂದಿಯಿಂದ ಕೈ ತಿಕ್ಕಿದ. ರುಕ್ಮಾಬಾಯಿ ತಂಬಿಗೆಯಿಂದ ನೀರು ಹಾಕಿದಳು. ಆಮೇಲೆ ಸಾಬೂನು ಹಚ್ಚಿ ಇನ್ನೊಮ್ಮೆ ತೊಳೆದ. ಒಗೆದ ಧೋತರದ ತುಂಡಿನಲ್ಲಿ ಒರೆಸಿಕೊಂಡು, ಅದೇ ತುಂಡನ್ನು ಹಾಸಿ ಅದರ ಮೇಲೆ ಪ್ಲೇಟನ್ನು ಅಂಚು ಹಿಡಿದು ಇಟ್ಟ. ನಾನು ಮುಟ್ಟಲು ಹೋದರೆ ತಡೆದ.

"ಕುರಿ ಉಣ್ಣಿ ಕತ್ತರಸೋಕಿಂತ ಮೊದಲ ನಮ್ಮಪ್ಪ ಹಿಂಗೇ ಕೈ ತೊಳಿತಿದ್ದ್ರಿ. ಕೈ ಹೊಲಸಿದ್ರ ಉಣ್ಣಿ ಹೊಲಸ. ಇದೂ ಹಂಗೇ. ಮುಖಕ್ಕ ಎಣ್ಣಿ, ಗ್ರೀಸ್ ಹತ್ತಬಾರದು. ಹತ್ತಿತಂದ್ರ ಜಾರ್ತದ, ಎಲ್ಲಾ ಮುಗೀತು."

ಪ್ಲೇಟು ಕೂರುವ ಶಾಫ್ಟಿನ ಹಲ್ಲುಗಳಿಗೆ ಅವನು ಹಚ್ಚಿದ ಗ್ರೀಸು ಒಂದು ತೊಗರಿ ಕಾಳಿನಷ್ಟು. ಅದನ್ನೂ ಹಚ್ಚಿ, ಒರೆಸಿ, ಬೆರಳು ಆಡಿಸಿ ನೋಡಿದ. ಇದನ್ನೆಲ್ಲ ನಾನು ಎರಡು ಮಾರು ದೂರದಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ಈ ಮಾತು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಹೇಳಿದ್ದು ಇದಕ್ಕೆ ಪೂರ್ತಿ ತಿರುಗಾಮುರುಗಾ.

ಪ್ಲೇಟಿನ ಜೊತೆ ಇಂಗ್ಲಿಷಿನ ಒಂದು ಸೂಚನೆಯ ಹಾಳೆ ಬಂದಿತ್ತು. ಅವನಿಗೆ ಓದಿ ಹೇಳಿದೆ. ಮೊದಲ ಎಂಟುನೂರು ಕಿಲೋಮೀಟರ್ ಊರೊಳಗಿನ ಓಡಾಟ ಮಾತ್ರ. ಜೋರಾಗಿ ಒತ್ತಬಾರದು, ಎಂಜಿನ್ ಏರಿಸಿ ಒಮ್ಮೆಲೇ ಕ್ಲಚ್ಚು ಬಿಡಬಾರದು. ಇಂಥ ಪ್ಲೇಟು ಮೊದಲಿಗೆ ಅತಿಯಾಗಿ ಕಾದರೆ ಮುಖ ನುಣುಪಾಗಿಬಿಡುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ. ಮಾಳಪ್ಪ ಕೇಳಿದ್ದು ಮೊದಲಿನ ಎರಡು ಮಾತು ಮಾತ್ರ. ಕೊನೆಯ ಸಾಲು ಓದುವಷ್ಟರಲ್ಲಿ ಮಳೆ ಬಂದು, ಅವನು ಕಂಬಳಿ ಎತ್ತಿಡಲು ಓಡಿದ. ನಾನು ಹಾಳೆ ಮಡಿಚಿ ಕಿಸೆಯಲ್ಲಿಟ್ಟುಕೊಂಡೆ.

"ಕಿಲೋಮೀಟರ್ ಎಣಸೋದಲ್ರಿ ಸರ್ರ," ಎಂದ ತಿರುಗಿ ಬಂದು. "ಹೈದರಾಬಾದಿಗಿ ಹೋಗಿ ಬಂದ್ರ ಕಿಲೋಮೀಟರ್ ಆಗ್ತಾವ, ಕ್ಲಚ್ ಕೂಡಂಗಿಲ್ಲ. ನಿಲ್ಬೇಕು, ಏಳ್ಬೇಕು. ಎಷ್ಟ ನಿಂತು ಎದ್ದೀವಿ ಅಷ್ಟ ಹೊಂದ್ಕೋತದ."

ಅದಕ್ಕೆ ಅವನು ಕಂಡುಕೊಂಡ ದಾರಿ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬೀದರಿನಿಂದ ಭಾಲ್ಕಿ, ಭಾಲ್ಕಿಯಿಂದ ಔರಾದು, ಅಲ್ಲಿಂದ ಹಳ್ಳಿಗಳ ಕಡೆ ಒಂದು ಸುತ್ತು ಹಾಕಿ ಸಂಜೆಯೊಳಗೆ ಬೀದರ. ದಾರಿಯಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸಿ ಹತ್ತಿಸಿಕೊಳ್ಳುವುದು, ಅವರ ಊರ ಮುಂದೆ ಇಳಿಸುವುದು, ಮತ್ತೆ ಹೊರಡುವುದು. ನಾನು ನಡೆಸುತ್ತಿದ್ದೆ, ಅವನು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಕ್ಲಚ್ಚು ಹಿಡಿಯುವುದನ್ನು ಕೇಳುತ್ತಿದ್ದ. ರೇಸಿನ ಕಾರಿನ ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ಹತ್ತಿಸಿಕೊಂಡು ಕೂತ ಅಜ್ಜಂದಿರು ಇದೇನು ಇಷ್ಟು ಇಕ್ಕಟ್ಟಿನ ಗಾಡಿ ಎಂದು ಬೈಯುತ್ತಿದ್ದರು. ಒಬ್ಬಾಕೆ ಹಸಿ ಹೆಸರುಕಾಯಿ ಉಡಿತುಂಬ ತಂದು ನನ್ನ ಗೇರಿನ ಪಕ್ಕ ಸುರಿದಳು. ಇನ್ನೊಬ್ಬ ತನ್ನ ಆಡಿನ ಮರಿಯನ್ನೂ ಹತ್ತಿಸಲು ನೋಡಿದ; ಮಾಳಪ್ಪ ಹೂಂ ಎಂದ, ನಾನು ಸುತಾರಾಂ ಒಪ್ಪಲಿಲ್ಲ. ಎರಡನೇ ಭಾನುವಾರ ರುಕ್ಮಾಬಾಯಿ ಜೊತೆಗೆ ಬಂದಳು, ತವರು ಮನೆ ಡಾಬಕಾಕ್ಕೆ. ಮಗಳು ಬಿಳಿ ಕಾರಿನಿಂದ ಇಳಿದದ್ದನ್ನು ನೋಡಲು ಓಣಿಯೇ ಕೂಡಿತು. ಆಕೆಯ ತಾಯಿ ಮರಾಠಿ ಕನ್ನಡ ಎರಡೂ ಕಲಸಿ ನನಗೆ ಏನೇನೋ ಹರಸಿದಳು. ಭಾಲ್ಕಿಯಲ್ಲಿ ಗಟ್ಟಿ ಮನೆ ಸಿಗುತ್ತದೆ, ದಸರಾಕ್ಕೆ ಹೋಗುತ್ತೇವೆ ಎಂದು ರುಕ್ಮಾಬಾಯಿ ಅಲ್ಲಿ ಎಲ್ಲರಿಗೂ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಿ ಖುಷಿಪಟ್ಟೆ.

ಸೋಯಾ ಹೊಲಗಳು ಮೊಣಕಾಲೆತ್ತರ ಬೆಳೆದು ನಿಂತಿದ್ದವು. ಮಾಂಜ್ರಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಆ ಮೂರು ಭಾನುವಾರಗಳಷ್ಟು ಹಗುರವಾಗಿ ನಾನು ಆಮೇಲೆ ಕಾರು ನಡೆಸಿಲ್ಲ. ಮೂರು ಸುತ್ತು ಮುಗಿದಾಗ ನಾನೂರ ಇಪ್ಪತ್ತು ಕಿಲೋಮೀಟರ್ ಆಗಿತ್ತು. ಇನ್ನು ಮೂರು ಭಾನುವಾರ ತಡೆದುಕೊಂಡಿದ್ದರೆ ಸಾಕಿತ್ತು.

ತಡೆಯಲಿಲ್ಲ. ಒಂದು ಬುಧವಾರ ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತು. ವಾರದಿಂದ ಹಿಡಿದಿದ್ದ ಮಳೆ ನಿಂತು ಬಿಸಿಲು ಬಿದ್ದಿತ್ತು. ಬೀದರಿನ ಹೊರಗಿನ ಹೊಸ ಬೈಪಾಸು ಒಣಗಿ ಖಾಲಿ ಮಲಗಿತ್ತು. ನನ್ನನ್ನು ಯಾರೂ ಕೆಣಕಲಿಲ್ಲ, ಯಾರೂ ಪಂದ್ಯ ಕಟ್ಟಲಿಲ್ಲ; ಹಾಗೆ ಯಾರಾದರೂ ಇದ್ದಿದ್ದರೆ ಇಷ್ಟು ವರ್ಷ ಅವರ ತಲೆಗೆ ಕಟ್ಟಿ ಆರಾಮವಾಗಿರುತ್ತಿದ್ದೆ. ಒಬ್ಬನೇ ಇದ್ದೆ. ಸೂಚನೆಯ ಹಾಳೆ ಬರೆದವರು ಯಾವಾಗಲೂ ಸ್ವಲ್ಪ ಹೆಚ್ಚೇ ಹೇಳಿರುತ್ತಾರೆ ಎಂದುಕೊಂಡೆ. ಕ್ಲಾಸಿನಲ್ಲಿ ಹುಡುಗರು ಹೀಗೆಂದರೆ ಹೊರಗೆ ನಿಲ್ಲಿಸುತ್ತೇನೆ.

ಎಂಜಿನ್ನನ್ನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿಗೆ ಏರಿಸಿ ಕ್ಲಚ್ಚು ಬಿಟ್ಟೆ. ಕಾರು ಎಷ್ಟು ಚಂದ ಹಾರಿತೆಂದರೆ ನಾನು ಒಬ್ಬನೇ ಜೋರಾಗಿ ನಕ್ಕೆ. ತಿರುಗಿಸಿ ತಂದು ಇನ್ನೊಮ್ಮೆ ಬಿಟ್ಟೆ. ಮೂರನೇ ಸಲಕ್ಕೆ ಸಣ್ಣಗೆ ಸುಟ್ಟ ವಾಸನೆ ಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಮತ್ತೆ ಎರಡು ಸಲ ಮಾಡಿದೆ. ಐದನೆಯದರಲ್ಲಿ ಎಂಜಿನ್ನಿನ ವೇಗದ ಮುಳ್ಳು ಮೇಲೇರಿತು, ಕಾರು ಅದರ ಹಿಂದೆ ಹೋಗಲಿಲ್ಲ. ಗಾಜುಗಳನ್ನೆಲ್ಲ ಇಳಿಸಿ, ವಾಸನೆ ಹೋಗುವವರೆಗೆ ರಸ್ತೆ ಬದಿಯಲ್ಲಿ ನಿಂತೆ. ಆರಿದ ಮೇಲೆ ಮೆಲ್ಲಗೆ ನಡೆಸಿದರೆ ನಡೆಯುತ್ತಿತ್ತು. ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ.

ಮುಂದಿನ ಭಾನುವಾರ ಮಾಮಾ ಕೆಲಸ ನೋಡುತ್ತೇನೆಂದು ಕರೆದರು. ಮಾಳಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಹಾದಿಯುದ್ದಕ್ಕೂ ಮೊಟ್ಟೆಯ ಮೇಲೆ ನಡೆದಂತೆ ಕಾರು ನಡೆಸಿದೆ. ಭಾಲ್ಕಿಯಲ್ಲಿ ಮಾಮಾ ತಾವೇ ಸ್ಟೀರಿಂಗ್ ಹಿಡಿದರು. ನಾನು ಪಕ್ಕದಲ್ಲಿ, ಮಾಳಪ್ಪ ಹಿಂದೆ. ಊರ ಹೊರಗಿನ ಏರಿನಲ್ಲಿ ಮಾಮಾ ನಾಲ್ಕನೇ ಗೇರಿನಲ್ಲಿ ಒತ್ತಿದರು. ಎಂಜಿನ್ ಕೂಗಿತು. ಕಾರಿನ ವೇಗ ಮಾತ್ರ ಏರಲಿಲ್ಲ. ಮಾಮಾ ಬದಿಗೆ ತಂದು ನಿಲ್ಲಿಸಿದರು.

"ಕಾಯ್ ಝಾಲಂ ರೇ, ಏನಾತಿದು? ಹೊಸಾ ಕ್ಲಚ್ ಅಲ್ಲೇನು ಇದು?" ಎಂದು ಮೊದಲು ನನ್ನ ಕಡೆ, ಆಮೇಲೆ ಹಿಂದಕ್ಕೆ ತಿರುಗಿ ಮಾಳಪ್ಪನ ಕಡೆ ನೋಡಿದರು. ಮಾಳಪ್ಪ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಸಂಶಯವಿರಲಿಲ್ಲ. ಸರ್ ಹೇಳುತ್ತಾರೆ ಎಂದು ಕಾಯುತ್ತಿದ್ದ, ಅಷ್ಟೇ.

ಮಾಮಾ ಭಾಲ್ಕಿಯಲ್ಲಿ ಎಲ್ಲರಿಗೂ ನನ್ನನ್ನು "ನಮ್ಮ ಪ್ರೊಫೆಸರ್" ಎಂದು ತೋರಿಸುವವರು. ಹದಿನೆಂಟರ ಹುಡುಗರು ಮಾಡುವ ಕೆಲಸವನ್ನು ಈ ಪ್ರೊಫೆಸರ್ ಬೈಪಾಸಿನಲ್ಲಿ ಒಬ್ಬನೇ ಐದು ಸಲ ಮಾಡಿದ ಎಂದು ಅವರ ಎದುರಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಪ್ಲೇಟಿಗೆ ಗ್ರೀಸ್ ಹತ್ತಿರಬೇಕು," ಎಂದೆ.

ಮಾಳಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಆಮೇಲೆ ಮೆಲ್ಲಗೆ, "ಹತ್ತಿರಬಹುದ್ರಿ," ಎಂದ. ಮಾಮಾ ಕಾರು ತಿರುಗಿಸಿದರು. ವಾಪಸು ಹೋಗುವಾಗ ಅವರು ನನ್ನ ಜೊತೆ ಮಾತ್ರ ಮಾತಾಡಿದರು, ಮಳೆಯ ಬಗ್ಗೆ.

ಇದು ಮೊದಲನೆಯ ಸುಳ್ಳು. ಅಂಜಿಕೆಯಲ್ಲಿ ಬಾಯಿಂದ ಬಿದ್ದದ್ದು ಎಂದು ಇದಕ್ಕಾದರೂ ಒಂದು ನೆವ ಹುಡುಕಬಹುದು. ಎರಡನೆಯದಕ್ಕೆ ಅದೂ ಇಲ್ಲ.

ಮಾಳಪ್ಪ ಮಾರನೆಯ ದಿನವೇ ಕಾರು ಬಿಚ್ಚಿದ. ನಾನು ಕಾಲೇಜಿನ ನೆಪ ಹೇಳಿ ಹೋಗಲಿಲ್ಲ. ಸಂಜೆ ಹೋದಾಗ ಪ್ಲೇಟು ಧೋತರದ ತುಂಡಿನ ಮೇಲಿತ್ತು. ಅದರ ಹಳದಿ ಮುಖ ಕಪ್ಪಾಗಿ ಹೊಳೆಯುತ್ತಿತ್ತು. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದವು. ನನ್ನ ಮೂರನೇ ಸೆಮಿಸ್ಟರಿನ ಹುಡುಗನಿಗೆ ತೋರಿಸಿದ್ದರೂ ಸುಟ್ಟದ್ದೆಂದು ಹೇಳುತ್ತಿದ್ದ. ಮಾಳಪ್ಪನಿಗೂ ಹಾಗೆ ಅನಿಸಿತ್ತು. ಆದರೆ ಆ ಜಾತಿಯ ಪ್ಲೇಟನ್ನು ಅವನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದ, ಸರ್ ಬೇರೆ ಗ್ರೀಸ್ ಎಂದಿದ್ದರು.

"ನನಗ ಗ್ರೀಸ್ ಎಲ್ಲೂ ಕಾಣಸ್ಲಿಲ್ರಿ ಸರ್ರ. ಕನ್ನಡಿ ಹಂಗ ಆಗ್ಯಾದ ನೋಡ್ರಿ. ನಮ್ಮ ಸಾದಾ ಪ್ಲೇಟಿಗಿ ಹಿಂಗಾದ್ರ ಜೋರ್ ಹೊಡದು ಕಾಸ್ಯಾರ ಅಂತಿದ್ದೆ. ಖರೆ ನಾವು ಕಾಸೇ ಇಲ್ಲಲ್ರಿ, ಎತ್ತಿನ ಗಾಡಿ ಹೊಡದಂಗ ಹೊಡದೀವಿ." ಸ್ವಲ್ಪ ತಡೆದು ಕೇಳಿದ, "ಈ ನಮೂನಿ ಪ್ಲೇಟಿಗಿ ಗ್ರೀಸ್ ಹತ್ತಿದ್ರ ಹಿಂಗ ಆಗ್ತದೇನ್ರಿ? ಪುಸ್ತಕದಾಗ ಏನ್ ಬರದಾರ?"

ಅವನಿಗೆ ಪುಸ್ತಕದ ಮೇಲೆ ಬಹಳ ಭಕ್ತಿ. ನಾನು ಯೋಚಿಸಿದೆ. ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ರುಕ್ಮಾಬಾಯಿ ಚಹಾ ತಂದುಕೊಟ್ಟು ಒಳಗೆ ಹೋದಳು. ನಿಜ ಹೇಳಿದರೆ ಅದನ್ನು ಮಾಮನಿಗೂ ಹೇಳಬೇಕಾಗುತ್ತದೆ, ಹೇಳದಿದ್ದರೆ ಮಾಳಪ್ಪನಿಗೆ ಸಿಗಬೇಕಾದ ಕೆಲಸ ಹೋಗುತ್ತದೆ ಎಂಬುದು ನನಗೆ ಹಗಲಿನಷ್ಟು ಸ್ಪಷ್ಟವಿತ್ತು.

"ಹೌದು, ಆಗ್ತದ," ಎಂದೆ. "ಪುಸ್ತಕದಾಗ ಹಂಗೇ ಅದ."

ಅವನು ತಲೆಯಾಡಿಸಿದ. ಮತ್ತೆ ವಾದ ಮಾಡಲಿಲ್ಲ. "ಬೆರಳಿಗಿ ಎಲ್ಲೋ ಉಳದಿತ್ತೇನೋ," ಎಂದು ತನ್ನಷ್ಟಕ್ಕೇ ಅಂದುಕೊಂಡ. ನಾನು ಆ ಚಹಾ ಪೂರ್ತಿ ಕುಡಿದು ಬಂದೆ. ಇವತ್ತಿಗೂ ನನಗೆ ಅತಿ ಹೆಚ್ಚು ನಾಚಿಕೆಯೆನಿಸುವುದು ಆ ಚಹಾ ಕುಡಿದದ್ದಕ್ಕೆ.

ದಸರೆಗೆ ಮಾಮನ ಗ್ಯಾರೇಜು ಶುರುವಾಯಿತು. ಲಾತೂರಿನ ಕಡೆಯ ಒಬ್ಬ ಮಿಸ್ತ್ರಿ ಬಂದ. ನಾನು ಪೂಜೆಗೆ ಹೋಗಿ ಪೇಡೆ ತಿಂದು ಬಂದೆ. ಅದೇ ತಿಂಗಳು ಮಾಳಪ್ಪ ಶೆಡ್ಡು ಬಿಚ್ಚಿಕೊಂಡು ಔರಾದಿಗೆ ಹೋದನೆಂದು ಯಾರೋ ಹೇಳಿದರು. ಮನ್ನಳ್ಳಿ ರಸ್ತೆಯಲ್ಲಿ ಬೇವಿನ ಮರವೊಂದೇ ಉಳಿಯಿತು. ಕಾರನ್ನು ಚಳಿಗಾಲ ಮುಗಿಯುವ ಮುಂಚೆಯೇ ಮಾರಿದೆ. ಹೆಂಡತಿ ಆಶ್ಚರ್ಯಪಟ್ಟು, "ಸಂಬಂಧ ಮುರದ್ರೇನ್ರಿ?" ಎಂದು ಚೇಷ್ಟೆ ಮಾಡಿದಳು. ಬೆನ್ನು ನೋಯುತ್ತದೆ ಎಂದೆ. ಪ್ರತಿ ವರ್ಷ ಕ್ಲಾಸಿನಲ್ಲಿ ಕ್ಲಚ್ಚಿನ ಪಾಠ ಬರುತ್ತದೆ. ಪ್ರತಿ ವರ್ಷ ಆ ಪಾಠವನ್ನು ಒಂದೇ ದಿನದಲ್ಲಿ ಮುಗಿಸಿ ಮುಂದೆ ಹೋಗುತ್ತೇನೆ.

ಟೆಂಪೊ ಬದಿಗೆ ಸರಿದ ಮೇಲೆ ನಾನು ಕಾಲೇಜಿನ ಕೆಲಸಕ್ಕೆ ಹೋಗಲಿಲ್ಲ. ಮಾಳಪ್ಪನ ಶೆಡ್ಡು ಎಲ್ಲಿ ಎಂದು ಕೇಳುತ್ತ ಹೋದೆ. ಔರಾದಿನ ಹೊರಗೆ ಎಕಂಬಾದ ಕಡೆ ಹೋಗುವ ದಾರಿಯಲ್ಲಿ ಸಿಕ್ಕಿತು. ಅದೂ ತಗಡಿನದೇ. ಮುಂದೆ ಎರಡು ಟ್ರ್ಯಾಕ್ಟರು ನಿಂತಿದ್ದವು, ಹಿಂದೆ ಗಂಡ ಹೆಂಡತಿ ವಾಸವಿರುವ ಜಾಗ. ಮಾಳಪ್ಪ ಒಂದರ ಕೆಳಗಿನಿಂದ ಎದ್ದು ಬಂದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮುಖವೆಲ್ಲ ಅರಳಿತು. "ಅರೆ, ಸರ್ರ! ಬರ್ರಿ ಬರ್ರಿ," ಎಂದು ಸ್ಟೂಲು ಒರೆಸಿ ಕೊಟ್ಟ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೂರಲಿಲ್ಲ. ಕೂತರೆ ಮತ್ತೆ ಚಹಾ ಬರುತ್ತದೆ, ಮಳೆಬೆಳೆಯ ಮಾತು ಬರುತ್ತದೆ ಎಂದು ಹೆದರಿ ನಿಂತುಕೊಂಡೇ ಹೇಳಿದೆ.

"ಮಾಳಪ್ಪ, ಅವತ್ತು ನಿನ್ನ ಕೈಯಿಂದ ತಪ್ಪಾಗಿರಲಿಲ್ಲ. ಕ್ಲಚ್ ಸುಟ್ಟಾಂವ ನಾನು. ಬೈಪಾಸಿನ ಮ್ಯಾಲ ಒಬ್ಬನೇ ಹೋಗಿ ಸುಟ್ಟೆ. ಪುಸ್ತಕದಾಗ ಹಂಗ ಎಲ್ಲೂ ಬರದಿಲ್ಲ. ಸುಳ್ಳು ಹೇಳಿದೆ."

ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಕೇಳಿದ್ದು ಮಿಸ್ತ್ರಿ ಕೇಳುವ ಮಾತನ್ನೇ.

"ಎಷ್ಟ ಸಲ ಬಿಟ್ರಿ?"

"ಐದ್ ಸಲ."

"ಎಷ್ಟಕ್ಕ ಏರಿಸಿ?"

"ನಾಕ್ ಸಾವಿರ."

ಅವನು ಬೆರಳಿನ ಮೇಲೆ ಏನೋ ಲೆಕ್ಕ ಹಾಕಿದ. "ಹಂಗಾದ್ರ ಗ್ರೀಸ್ ಇರ್ಲಿಲ್ಲ."

"ಇರ್ಲಿಲ್ಲ."

"ಇಲ್ಲಿಗಿ ಬಂದ ಮ್ಯಾಲ ಒಂದ್ ಟ್ರ್ಯಾಕ್ಟರಿಗಿ ಕ್ಲಚ್ ಕೂಡಿಸಿದೆರಿ," ಎಂದ. ದನಿ ಮೊದಲಿನಂತಿರಲಿಲ್ಲ. "ಕೂಡಿಸಿದೆ, ಬಿಚ್ಚಿ ನೋಡಿದೆ. ಮತ್ತ ಕೂಡಿಸಿದೆ, ಮತ್ತ ಬಿಚ್ಚಿದೆ. ನಾಕ್ ಸಲ ಬಿಚ್ಚೀನ್ರಿ. ಗ್ರೀಸ್ ಹತ್ತಿಲ್ಲಂತ ಕಣ್ಣ ಹೇಳ್ತಿತ್ತು, ಕೈ ಕೇಳ್ತಿರ್ಲಿಲ್ಲ. ಟ್ರ್ಯಾಕ್ಟರ್ ಮಂದಿ ನಕ್ಕು ಭಾಲ್ಕಿಗಿ ಒಯ್ದ್ರು. ಅವತ್ತ ಬಿಟ್ಟೆ." ನಂತರ ನನ್ನ ಕಡೆ ನೇರ ನೋಡಿದ. "ಇಪ್ಪತ್ತ ವರ್ಷದ ಕೈ ಸರ್ರ ಇದು. ನಿಮ್ಮ ಒಂದ್ ಮಾತಿಗಿ ನಾ ಇದರ ಮ್ಯಾಲ ಭರವಸಾ ಬಿಟ್ಟೆ."

ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಹುರುಳಿಲ್ಲದಂತೆ ಕೇಳಿಸಿತು. ಅವನು ಪರವಾಗಿಲ್ಲ ಎನ್ನಲಿಲ್ಲ. ಹಿಂದಕ್ಕೆ ತಿರುಗಿ, "ರುಕ್ಮಾ, ಹೊರಗ ಬಾ," ಎಂದು ಕರೆದ.

ರುಕ್ಮಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ನನ್ನನ್ನು ಗುರುತಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಈಗ ಹೇಳಿದ್ದ ಈಕಿಗಿ ಹೇಳ್ರಿ ಸರ್ರ," ಎಂದ ಮಾಳಪ್ಪ. "ನಾ ಹೇಳಿದ್ರ ನಂಬಂಗಿಲ್ಲ. ನನ್ನ ಕೈಯಿಂದ ಮನಿ ಹೋಯ್ತಂತ ನಾನೇ ಆಕಿಗಿ ಹೇಳೀನಿ."

ಇನ್ನೊಮ್ಮೆ ಹೇಳಿದೆ. ಬೈಪಾಸು, ಐದು ಸಲ, ಮಾಮನ ಎದುರು ಹೇಳಿದ್ದು, ಆಮೇಲೆ ಶೆಡ್ಡಿನಲ್ಲಿ ಹೇಳಿದ್ದು. ಮೊದಲ ಸಲಕ್ಕಿಂತ ಕಷ್ಟವಾಯಿತು. ಟ್ರ್ಯಾಕ್ಟರಿನವರಿಬ್ಬರು ಹತ್ತಿರ ಬಂದು ನಿಂತರು, ಅವರಿಗೂ ಕೇಳಿಸಲೆಂದು ದನಿ ಎತ್ತಿದೆ. ರುಕ್ಮಾಬಾಯಿ ಕಣ್ಣು ತೆಗೆಯದೆ ಕೇಳಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಅವತ್ತೇ ಯಾಕ ಹೇಳ್ಲಿಲ್ರಿ?" ಎಂದಳು.

"ಮಾಮಾನ ಮುಂದ ನನ್ನ ಮರ್ಯಾದಿ ಹೋಗ್ತದಂತ ಅಂಜಿದೆರಿ."

"ಹೋಗ್ತಿತ್ತೇನ್ರಿ?"

ಟೆಂಪೊ ಸರಿಯುವುದನ್ನು ಕಾಯುತ್ತ ನಿಂತಾಗಲೇ ಮಾಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದೆ. ಅವರಿಗೆ ಮಾಳಪ್ಪನ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ನೆನಪಾದ ಮೇಲೆ ಗಟ್ಟಿಯಾಗಿ ನಕ್ಕಿದ್ದರು. ಐದ್ ಸಲನಾ, ಹುಚ್ಚ ಅದೀ, ಅವತ್ತೇ ಹೇಳಿದ್ರ ನಿನ್ನ ಕಿವಿ ಹಿಂಡಿ ಅವನ್ನ ಇಟ್ಕೋತಿದ್ದೆಲ್ಲೋ ಎಂದಿದ್ದರು. ಬರುವಾಗ ಊಟಕ್ಕೆ ಬಾ ಎಂದು ಫೋನು ಇಟ್ಟಿದ್ದರು.

"ಇಲ್ರಿ," ಎಂದೆ. "ಹೋಗ್ತಿರ್ಲಿಲ್ಲ."